ಕಾರ್ಟೂನ್ ಬಾಹುಬಲಿ ಮುಗಿದ ಮೇಲೆ

ರಜೆ ಬಂತೆಂದರೆ ಸೇಲಂ, ಧರ್ಮಪುರಿ ಕಡೆಯ ಕನ್ನಡ ಮನೆಗಳ ತಂದೆತಾಯಂದಿರು ಒಂದು ಮಾತು ಕೇಳುವುದುಂಟು: ‘ಬಾಹುಬಲಿ ಈಗ ಕಾರ್ಟೂನ್ ಆಗಿಯೂ ಬಂದಿದೆಯಲ್ಲ, ಆರು ವರ್ಷದವನಿಗೆ ಹಾಕಿಕೊಡಬಹುದೇ?’ ಕೇಳಬೇಕಾದದ್ದೇ. ಆದರೆ ಅದಕ್ಕಿಂತ ಕಷ್ಟದ ಪ್ರಶ್ನೆಯನ್ನು ಮಗು ಕೇಳುತ್ತದೆ. ಕಾರ್ಟೂನ್ ಮುಗಿದ ಸಂಜೆಯೇ ‘ನಿಜವಾದ ಬಾಹುಬಲಿ ಹಾಕು’ ಎನ್ನುತ್ತದೆ. ಅದಕ್ಕೆ ಏನು ಹೇಳುತ್ತೀರಿ ಎಂಬುದನ್ನು ಕಾರ್ಟೂನ್ ಹಾಕುವ ಮೊದಲೇ ಯೋಚಿಸಿಟ್ಟುಕೊಳ್ಳಿ.

ನಿರ್ದೇಶಕ ರಾಜಮೌಳಿಯವರ ಎರಡು ಬಾಹುಬಲಿ ಚಿತ್ರಗಳು ತೆರೆಗೆ ಬಂದದ್ದು 2015ರ ಜುಲೈ ಮತ್ತು 2017ರ ಏಪ್ರಿಲ್‌ನಲ್ಲಿ. 2017ರಲ್ಲೇ ‘ದ ಲಾಸ್ಟ್ ಲೆಜೆಂಡ್ಸ್’ ಎಂಬ ಅನಿಮೇಷನ್ ಸರಣಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು, 2024ರ ಮೇ ತಿಂಗಳಲ್ಲಿ ‘ಕ್ರೌನ್ ಆಫ್ ಬ್ಲಡ್’ ಹಾಟ್‌ಸ್ಟಾರ್‌ನಲ್ಲಿ ಬಂತು. ನಟರು ನಟಿಸಿದ ಚಿತ್ರಮಾಲೆಯನ್ನು ಹೀಗೆ ಅನಿಮೇಷನ್‌ನಲ್ಲಿ ಮುಂದುವರಿಸುವುದು ಹಾಲಿವುಡ್‌ನಲ್ಲೂ ಇದೆ. ‘ನೈಟ್ ಅಟ್ ದ ಮ್ಯೂಸಿಯಂ’ 2006, 2009, 2014ರಲ್ಲಿ ಮೂರು ಚಿತ್ರಗಳಾಗಿ ಬಂದು, 2022ರ ಡಿಸೆಂಬರ್‌ನಲ್ಲಿ ಅನಿಮೇಷನ್ ಆಯಿತು. ಕಾವಲುಗಾರ ಲ್ಯಾರಿಯ ಮಗ ನಿಕ್ ಅದರ ನಾಯಕ. ಅದನ್ನು ನೋಡಿದ ಮಗು ಹಳೆಯ ಚಿತ್ರಗಳನ್ನು ಕೇಳಿದರೆ ಗಾಬರಿಪಡುವಂಥದ್ದೇನಿಲ್ಲ, ಅವೂ ಮನೆಮಂದಿ ಕೂತು ನಗುವ ಚಿತ್ರಗಳೇ.

ಬಾಹುಬಲಿಯ ಮಾತು ಬೇರೆ. ಮೊದಲ ಚಿತ್ರ ಶುರುವಾಗುವುದೇ ಬೆನ್ನಿಗೆ ಬಾಣ ನಾಟಿದ ರಾಜಮಾತೆ ಶಿವಗಾಮಿ ಹಸುಗೂಸನ್ನು ನೀರಿನ ಮೇಲೆತ್ತಿ ಹಿಡಿದು ಮುಳುಗುವುದರಿಂದ. ಖಳನಾಯಕ ಭಲ್ಲಾಳದೇವನ ಮಗನ ತಲೆ ಹಾರುತ್ತದೆ. ಬಾಹುಬಲಿಯ ಹೆಂಡತಿ ದೇವಸೇನೆ ಇಪ್ಪತ್ತೈದು ವರ್ಷ ಸರಪಳಿಯಲ್ಲಿ. ಎತ್ತಿ ಆಡಿಸಿದ ಕಟ್ಟಪ್ಪನೇ ಬಾಹುಬಲಿಯ ಬೆನ್ನಿಗೆ ಕತ್ತಿ ಇಳಿಸುವ ಹೊತ್ತಿಗೆ ಚಿತ್ರ ನಿಲ್ಲುತ್ತದೆ. ಎರಡನೆಯದರಲ್ಲಿ ತುಂಬಿದ ಸಭೆಯಲ್ಲಿ ಶಿರಚ್ಛೇದವಿದೆ, ಕೊನೆಗೆ ಚಿತೆಯ ಮೇಲೆ ಜೀವಂತ ದಹನವಿದೆ. ದೊಡ್ಡವರಿಗೆ ಇದು ಮಹಾಕಾವ್ಯದಂತೆ ಕಾಣುವುದು ಸಹಜ, ನನಗೂ ಆ ಚಿತ್ರಗಳ ಮೇಲೆ ಗೌರವವಿದೆ. ಆದರೂ ಎರಡನೆಯ ಚಿತ್ರಕ್ಕೆ ಸಿಂಗಾಪುರದಲ್ಲಿ ಹದಿನಾರು ತುಂಬದವರನ್ನು ಬಿಡಲಿಲ್ಲ. ನಮ್ಮಲ್ಲಿ ಎರಡಕ್ಕೂ ಸಿಕ್ಕದ್ದು ಯು/ಎ.

ಈ ಯು/ಎ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. 1983ರಿಂದ ನಡೆದುಬಂದ ಹಳೆಯ ಯು/ಎ ಹೇಳುತ್ತಿದ್ದದ್ದು ಇಷ್ಟೇ: ಹನ್ನೆರಡರೊಳಗಿನ ಮಕ್ಕಳಿಗೆ ತೋರಿಸುವುದು ಪೋಷಕರ ವಿವೇಚನೆಗೆ ಬಿಟ್ಟದ್ದು. ಐದು ವರ್ಷಕ್ಕೂ ಹನ್ನೊಂದಕ್ಕೂ ಅದರಲ್ಲಿ ವ್ಯತ್ಯಾಸವಿರಲಿಲ್ಲ. 2023ರಲ್ಲಿ ಸಿನಿಮಾ ಕಾಯ್ದೆ ತಿದ್ದುಪಡಿಯಾಗಿ ಏಳು, ಹದಿಮೂರು, ಹದಿನಾರು ಎಂಬ ಮೂರು ಮೆಟ್ಟಿಲುಗಳು ಬಂದವು. ಒಟಿಟಿಗಳಿಗೆ 2021ರ ನಿಯಮಗಳಲ್ಲೇ ಈ ವಿಂಗಡಣೆ ಇತ್ತು. ಅಂದರೆ ಮೊಬೈಲ್‌ನಲ್ಲಿ ಕಾರ್ಟೂನ್ ಶುರುವಾಗುವಾಗ ಮೂಲೆಯಲ್ಲಿ ವಯಸ್ಸಿನ ಅಂಕಿ ಕಾಣುತ್ತದೆ, ಅದನ್ನು ನೋಡಿ. ಚಿತ್ರಮಂದಿರಕ್ಕೆಂದು ಆಗ ಕೊಟ್ಟ ಹಳೆಯ ಯು/ಎ ಮಾತ್ರ ನಿಮ್ಮ ಮಗುವಿನ ವಯಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾರ್ಟೂನ್ ಎಂದ ಮಾತ್ರಕ್ಕೆ ಮೃದು ಎಂದೂ ಇಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. 1937ರ ‘ಸ್ನೋ ವೈಟ್’ನಿಂದ 2013ರ ‘ಫ್ರೋಜನ್’ವರೆಗಿನ 45 ಜನಪ್ರಿಯ ಅನಿಮೇಷನ್ ಚಿತ್ರಗಳನ್ನು ದೊಡ್ಡವರ ಚಿತ್ರಗಳ ಜತೆ ಇಟ್ಟು ನೋಡಿದಾಗ, ಮುಖ್ಯ ಪಾತ್ರಗಳು ಸಾಯುವ ಸಂಭವ ಮಕ್ಕಳ ಚಿತ್ರಗಳಲ್ಲೇ ಎರಡೂವರೆ ಪಟ್ಟು ಹೆಚ್ಚಿತ್ತು.

ಮಗು ಯಾವುದಕ್ಕೆ ಹೆದರುತ್ತದೆ ಎಂಬುದು ವಯಸ್ಸಿನೊಂದಿಗೆ ಬದಲಾಗುತ್ತದೆ. ಅಮೆರಿಕದ ಜೋನ್ ಕ್ಯಾಂಟರ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಟೀವಿಯ ‘ಹಲ್ಕ್’ ಧಾರಾವಾಹಿಯಲ್ಲಿ ನಾಯಕ ಹಸಿರು ದೈತ್ಯನಾಗುವುದು ಜನರನ್ನು ಕಾಪಾಡಲು. ದೊಡ್ಡ ಮಕ್ಕಳಿಗೆ ಅದು ಗೊತ್ತಾಗುತ್ತಿತ್ತು. ಶಾಲೆಗೆ ಸೇರದ ಪುಟ್ಟವರು ಅದೇ ದೃಶ್ಯಕ್ಕೆ ನಡುಗುತ್ತಿದ್ದರು. ಅವರಿಗೆ ಕಂಡದ್ದು ರೂಪ ಮಾತ್ರ, ಉದ್ದೇಶವಲ್ಲ. ಹಾಗಾಗಿ ಐದಾರು ವರ್ಷದ ಮಗುವಿಗೆ ‘ಅದು ಸುಳ್ಳು ಕಣೋ’ ಎಂದರೆ ಭಯ ಇಳಿಯದು. ಮಡಿಲಿಗೆ ಎಳೆದುಕೊಳ್ಳಿ, ದೀಪ ಹಾಕಿ, ಕುಡಿಯಲು ಏನಾದರೂ ಕೊಡಿ. ಏಳೆಂಟು ದಾಟಿದವರಿಗೆ ವಿವರಣೆ ಹಿಡಿಸುತ್ತದೆ: ಕತ್ತಿ ಎಂಥದ್ದು, ರಕ್ತ ಹೇಗೆ ಮಾಡುತ್ತಾರೆ, ಜಲಪಾತದಲ್ಲಿ ಎಷ್ಟು ನಿಜ, ಎಷ್ಟು ಕಂಪ್ಯೂಟರ್. ಈ ಕೆಲಸಕ್ಕೆ ಸೇಲಂನ ಅಜ್ಜ ಅಜ್ಜಿಯರಿಗಿಂತ ಬಲ್ಲವರು ಬೇಕೇ! 1935ರಲ್ಲಿ ಟಿ.ಆರ್. ಸುಂದರಂ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೊ ಇದ್ದ ಊರು ಅದು. ತಮಿಳಿನ ಮೊದಲ ವರ್ಣಚಿತ್ರ, 1956ರ ‘ಅಲಿಬಾಬಾ’, ಅವರದೇ. ಏರ್ಕಾಡು ರಸ್ತೆಯಲ್ಲಿ ಅದರ ಕಮಾನು ಈಗಲೂ ನಿಂತಿದೆ. ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ, ಸಿನಿಮಾ ಎಂಬುದು ಕೂಲಿ ಪಡೆದು ಜನ ಮಾಡುವ ಕೆಲಸ ಎಂದು ಅದಕ್ಕೆ ಗೊತ್ತಾಗಲಿ.

ಇನ್ನೊಂದು ತೊಡಕು ಕಥೆಯ ಕಾಲದ್ದು. ಈ ಕಾರ್ಟೂನ್‌ಗಳು ಬಂದದ್ದು ಮೊದಲ ಸಿನಿಮಾದ ನಂತರ, ಅವುಗಳಲ್ಲಿ ನಡೆಯುವುದು ಮಾತ್ರ ಮೊದಲು. ‘ಕ್ರೌನ್ ಆಫ್ ಬ್ಲಡ್’ನಲ್ಲಿ ರಕ್ತದೇವನ ವಿರುದ್ಧ ಮಾಹಿಷ್ಮತಿ ರಾಜ್ಯವನ್ನು ಕಾಯಲು ಬಾಹುಬಲಿ, ಭಲ್ಲಾಳರು ಒಟ್ಟಿಗೆ ನಿಲ್ಲುತ್ತಾರೆ. ಅಲ್ಲಿ ಅವರನ್ನು ಅಣ್ಣತಮ್ಮಂದಿರಾಗಿ ಮೆಚ್ಚಿದ ಮಗು ಮರುದಿನವೇ ಚಿತ್ರದಲ್ಲಿ ಒಬ್ಬ ಇನ್ನೊಬ್ಬನನ್ನು ಕೊಲ್ಲಿಸುವುದನ್ನು ನೋಡಿದರೆ ಅದಕ್ಕೆ ಬರೀ ಹೆದರಿಕೆಯಲ್ಲ, ದುಃಖವೂ ಆಗುತ್ತದೆ. ಅದಕ್ಕೆ ಕಾರ್ಟೂನ್‌ಗೂ ಚಿತ್ರಕ್ಕೂ ನಡುವೆ ವರ್ಷಗಳ ಅಂತರವಿರಲಿ. ನನ್ನನ್ನು ಕೇಳಿದರೆ, ಎಂಟು ತುಂಬಿದ ಮೇಲೆ ದೊಡ್ಡವರ ಜತೆ ಕಾರ್ಟೂನ್, ಹನ್ನೆರಡರ ಸುಮಾರಿಗೆ ಮೊದಲ ಚಿತ್ರ, ಹದಿಮೂರಾದ ಮೇಲೆ ಎರಡನೆಯದು. ಮಗುವಿಗೆ ‘ಬೇಡ’ ಎನ್ನಬೇಡಿ, ‘ನೀನು ಏಳನೇ ಕ್ಲಾಸಿಗೆ ಬಂದಾಗ ಒಟ್ಟಿಗೆ ನೋಡೋಣ’ ಎನ್ನಿ. ದಿನ ಗೊತ್ತಾದರೆ ಮಕ್ಕಳು ಕಾಯುತ್ತಾರೆ.

ಯಾವ ಭಾಷೆಯಲ್ಲಿ ನೋಡಲಿ ಎಂದೂ ಕೇಳುತ್ತೀರಿ. ಬಾಹುಬಲಿಯನ್ನು ತೆಲುಗು, ತಮಿಳು ಎರಡರಲ್ಲೂ ಚಿತ್ರಿಸಿದ್ದರಿಂದ ನಮ್ಮ ಮಕ್ಕಳಿಗೆ ಅದು ಶಾಲೆಯ ತಮಿಳಿನಲ್ಲೇ ಪರಿಚಯ. ಮಗುವಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲೇ ನೋಡಲಿ, ಮಾತು ಬಿಟ್ಟುಹೋದರೆ ಭಯ ಹೆಚ್ಚುತ್ತದೆ. ನೋಡಿದ್ದನ್ನು ಅಜ್ಜಿಗೆ ಹೇಳುವಾಗ ಮನೆಯ ಕನ್ನಡದಲ್ಲಿ ಹೇಳಲಿ. ಯಾವುದು ತಲೆಗೆ ಹೋಗಿದೆ, ಯಾವುದು ಎದೆಯಲ್ಲಿ ಕೂತಿದೆ ಎಂಬುದು ಆಗ ನಿಮಗೇ ತಿಳಿಯುತ್ತದೆ.

ಹದಿಮೂರಕ್ಕೆ ಮೇಲ್ಪಟ್ಟ ಕಾರ್ಯಕ್ರಮಗಳಿಗೆ ಬೀಗ ಹಾಕುವ ಸೌಲಭ್ಯವನ್ನು ಒಟಿಟಿಗಳು ಕೊಡಲೇಬೇಕು ಎಂದು ನಿಯಮವಿದೆ. ಹಾಕಿಡಿ, ಪಿನ್ ಮಗುವಿಗೆ ಕಾಣದಂತೆ ಒತ್ತಿ. ಅದರಿಂದ ಅರ್ಧ ಕೆಲಸ ಮಾತ್ರ ಆದೀತು. ಮಗ್ಗದ ಮನೆಗಳಲ್ಲಿ, ಒಟ್ಟುಕುಟುಂಬಗಳಲ್ಲಿ ಒಬ್ಬರ ಬೀಗ ಇನ್ನೊಬ್ಬರ ಮೊಬೈಲ್‌ನಲ್ಲಿ ಇರುವುದಿಲ್ಲ. ಚಿಕ್ಕಪ್ಪನಿಗೂ ಅತ್ತೆಗೂ ಕಾಲೇಜಿಗೆ ಹೋಗುವ ಅಣ್ಣನಿಗೂ ಹೇಳಿಡಿ. ಟೀವಿಯಲ್ಲಂತೂ ಯು/ಎ ಚಿತ್ರಗಳು ಭಾನುವಾರ ಮಧ್ಯಾಹ್ನವೂ ಬರುತ್ತವೆ, ಅಲ್ಲಿ ಪಿನ್ ಕೇಳುವವರಿಲ್ಲ. ಊಟ ಮುಗಿಸಿ ಎಲ್ಲರೂ ಅಡ್ಡಾಗುವ ಹೊತ್ತು ಅದು. ಆ ದಿನ ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿದ್ದು ಮಗುವಿನ ಪಕ್ಕ ಕೂತಿರಿ.