ಬಣ್ಣದ ಅಣು, ಸಕ್ಕರೆಯ ಉಂಗುರ: ಪರೀಕ್ಷೆಗೆ ಮುಖ್ಯಾಂಶಗಳು

ಹಾಲಿನ ಆಮ್ಲತೆ ಅಳೆಯಲು ಡೈರಿಗಳಲ್ಲಿ ಬಳಸುವ ಸೂಚಕ ಫಿನಾಲ್ಫ್ತಲೀನ್. ಉಂಗುರಾಕಾರದ ಸಕ್ಕರೆಯೊಳಗೆ ಬಣ್ಣದ ಅಣು ಎಷ್ಟು ಗಟ್ಟಿಯಾಗಿ ಕೂರುತ್ತದೆಂದು ತಿಳಿಯಲೂ ಇದೇ ಸೂಚಕ ಸಾಕು.

• ಉಂಗುರದ ಹೆಸರು ಸೈಕ್ಲೋಡೆಕ್ಸ್ಟ್ರಿನ್. 1891ರಲ್ಲಿ ಇದನ್ನು ಮೊದಲು ವರದಿ ಮಾಡಿದವರು ಫ್ರಾನ್ಸಿನ ವಿಲಿಯೇ. ಇದರ ಆಲ್ಫಾ ಬಗೆಯಲ್ಲಿ 6, ಬೀಟಾದಲ್ಲಿ 7, ಗಾಮಾದಲ್ಲಿ 8 ಗ್ಲೂಕೋಸ್ ಘಟಕಗಳು.

• ಹೊರಮೈ ನೀರಿಗೆ ಒಲಿಯುತ್ತದೆ, ಒಳಕುಹರ ಅಷ್ಟಾಗಿ ಒಲಿಯದು. ನೀರಿನಿಂದ ದೂರವಿರಬಯಸುವ ಅಣು ಅಲ್ಲಿ ಸೇರಿಕೊಳ್ಳುತ್ತದೆ. ಬೆಣ್ಣೆಯಿಂದ ಕೊಲೆಸ್ಟರಾಲ್ ತೆಗೆಯಲು ಬೀಟಾ ಬಳಸುವುದೂ ಇದೇ ಗುಣದಿಂದ.

• ಪಿಎಚ್ ಸುಮಾರು 10.5ರ ಕಾರ್ಬೊನೇಟ್ ಬಫರಿನಲ್ಲಿ ಫಿನಾಲ್ಫ್ತಲೀನ್ ಗುಲಾಬಿ. ಬೀಟಾ ಸೇರಿಸುತ್ತ ಹೋದಂತೆ ಬಣ್ಣ ಮಾಸುತ್ತದೆ, ಏಕೆಂದರೆ ಕುಹರದೊಳಗೆ ಸಿಕ್ಕ ಅಣು ಬಣ್ಣರಹಿತ ರೂಪ ತಾಳುತ್ತದೆ. ಸುಮಾರು 550 ನ್ಯಾನೊಮೀಟರ್‌ನಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ತೋರಿಸುವ ಹೀರಿಕೆಯ ಇಳಿಕೆಯೇ ಬಂಧನದ ಅಳತೆ.

• ಬಣ್ಣದ ಅರ್ಧ ಭಾಗ ಬಂಧಿತವಾದಾಗ, 1:1 ಸಂಕೀರ್ಣದಲ್ಲಿ, ಬಂಧನ ಸ್ಥಿರಾಂಕ = 1 ÷ ಮುಕ್ತ ಉಂಗುರದ ಸಾಂದ್ರತೆ. ಸ್ಥಿರಾಂಕ 20,000 ಆದರೆ ಆ ಸಾಂದ್ರತೆ 0.05 ಮಿಲಿಮೋಲಾರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ತಶಕ್ತಿಯ ಬದಲಾವಣೆ ಮೋಲಿಗೆ ಸುಮಾರು −24.5 ಕಿಲೋಜೂಲ್. ಈ ಲೆಕ್ಕವನ್ನು ಕೈಯಾರೆ ಮಾಡಿ ನೋಡಿ.

• ಬೆನೆಸಿ–ಹಿಲ್ಡೆಬ್ರಾಂಡ್ ವಿಧಾನ (1949): ಹೀರಿಕೆಯ ಬದಲಾವಣೆಯ ವಿಲೋಮವನ್ನು ಉಂಗುರದ ಸಾಂದ್ರತೆಯ ವಿಲೋಮಕ್ಕೆ ಎದುರು ಇಟ್ಟು ಎಳೆದ ನೇರ ಗೆರೆಯಲ್ಲಿ, ಛೇದಾಂಕ ÷ ಇಳಿಜಾರು = ಸ್ಥಿರಾಂಕ. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವ ಷರತ್ತು: ಉಂಗುರ ಬಣ್ಣಕ್ಕಿಂತ ಬಹಳ ಹೆಚ್ಚಿರಬೇಕು. ಬಂಧನ ಬಲವಾಗಿದ್ದು ಸಾಂದ್ರತೆಗಳು ಸಮೀಪವಾಗಿದ್ದರೆ ಗೆರೆ ದಾರಿ ತಪ್ಪಿಸುತ್ತದೆ, ಅಲ್ಲದೆ ತೀರ ದುರ್ಬಲ ದ್ರಾವಣದ ಬಿಂದುಗಳಿಗೆ ಅತಿಯಾದ ತೂಕ ಕೊಡುತ್ತದೆ. ನನಗೆ ನೇರ ಗೆರೆಗಿಂತ ಮೂಲ ವಕ್ರರೇಖೆಗೇ ಸಮೀಕರಣ ಹೊಂದಿಸುವುದು ಹೆಚ್ಚು ನಂಬಿಕೆಯ ದಾರಿ.

• ಅನುಪಾತ ತಿಳಿಯಲು ಜಾಬ್ ವಿಧಾನ (1928). 1:1 ಆದರೆ ಶಿಖರ ಮೋಲ್ ಭಿನ್ನಾಂಶ 0.5ರಲ್ಲಿ.

• ಬಣ್ಣವಿಲ್ಲದ ಔಷಧದ ಅಣುವನ್ನೂ ಅಳೆಯಬಹುದು. ಅದು ಫಿನಾಲ್ಫ್ತಲೀನನ್ನು ಹೊರದೂಡಿದರೆ ಗುಲಾಬಿ ಮರಳುತ್ತದೆ.

• ಎಚ್ಚರ: ಗಾಳಿಯ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಿದರೂ ಬಣ್ಣ ಮಾಸುತ್ತದೆ, ಅದು ಬಂಧನವಲ್ಲ. ಪ್ರತಿ ಫ್ಲಾಸ್ಕಿನ ಪಿಎಚ್ ನೋಡಲೇಬೇಕು. ಬೀಟಾ ಲೀಟರಿಗೆ ಸುಮಾರು 18.5 ಗ್ರಾಂ ಮಾತ್ರ ಕರಗುವುದರಿಂದ ಸಾಂದ್ರತೆ ಸುಮಾರು 16 ಮಿಲಿಮೋಲಾರ್ ದಾಟದು.

• ಉತ್ತರದಲ್ಲಿ ಸ್ಥಿರಾಂಕವನ್ನಷ್ಟೇ ಬರೆದು ನಿಲ್ಲಿಸಬೇಡಿ. ತಾಪಮಾನ, ಪಿಎಚ್, ಬಫರ್, ಅನುಪಾತ ನಾಲ್ಕನ್ನೂ ಪಕ್ಕದಲ್ಲೇ ಬರೆಯಿರಿ.