ಸೋರುವ ಹಾಸ್ಟೆಲ್‌ಗೆ ಒಂದು ಮೂಟೆ ಕೊಬ್ಬರಿ

ತಾವು ಓದಿ ಬೆಳೆದ ಉಚಿತ ವಿದ್ಯಾರ್ಥಿನಿಲಯದ ಹೆಂಚಿನ ಸೂರು ಸೋರುತ್ತಿದೆ, ಆದರೆ ಹಣ ಕೇಳಲು ಸಂಕೋಚ ಎಂದು ಬರೆದಿರುವ ಹುಳಿಯಾರಿನ ಓದುಗರು ಮೊದಲು ಆ ಸಂಕೋಚ ಬಿಡಬೇಕು. 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಊರೂರು ಸುತ್ತಿ, ರೈತರಿಂದ ದವಸ ಪಡೆದು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು.

ಕೇಳುವ ಕಾಲ ಮಾತ್ರ ಸರಿಯಾಗಿರಲಿ. ಈ ಸೀಮೆಯ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಅದು ತಿಪಟೂರಿನ ಎಪಿಎಂಸಿಯಲ್ಲಿ ಮಾರಾಟವಾದಾಗಲೇ ರೈತನ ಕೈಯಲ್ಲಿ ದುಡ್ಡು. ಅಟ್ಟ ತುಂಬಿ ಜೇಬು ಖಾಲಿ ಇರುವವನನ್ನು ನಗದು ಕೇಳುವುದು ನ್ಯಾಯವಲ್ಲ. ಅವನು ಒಂದು ಮೂಟೆ ಕೊಬ್ಬರಿಯನ್ನೇ ಕೊಡಲಿ. ಮಾರಾಟದ ಚೀಟಿ ಹಾಸ್ಟೆಲಿನ ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣಲಿ.

ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳ ಲೆಕ್ಕ ಬೇರೆ. ಎಂಜಿನಿಯರ್ ಬರೆದುಕೊಟ್ಟ ಅಂದಾಜು ಪಟ್ಟಿ ಕಳುಹಿಸಿ, ತೊಲೆ, ಹೆಂಚು, ಶೌಚಾಲಯ ಎಂದು ಒಂದೊಂದನ್ನು ಒಂದೊಂದು ಬ್ಯಾಚಿಗೆ ವಹಿಸಬೇಕು. ಸಂಸ್ಥೆಗೆ ತೆರಿಗೆ ರಿಯಾಯಿತಿಯ ನೋಂದಣಿ ಇದ್ದರೂ ₹2,000 ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿ ಸಿಗದು. ದೊಡ್ಡ ಮೊತ್ತ ಸಂಸ್ಥೆಯ ಬ್ಯಾಂಕ್ ಖಾತೆಗೇ ಬರಬೇಕು, ಓದುಗರ ಸ್ವಂತ ಖಾತೆಗಲ್ಲ.

ಸೂರಿನ ಕೆಲಸ ಮುಂಗಾರಿಗೆ ಮೊದಲೇ ಮುಗಿಯಲಿ. ಸುಣ್ಣ-ಬಣ್ಣ ಮುಂದಿನ ವರ್ಷವೂ ಆದೀತು.