ಗಣಕಯಂತ್ರವೂ ನಮ್ಮ ಚಿಕ್ಕ ಮಕ್ಕಳೂ

ಓದತಕ್ಕ ಭಾಗ: ವಿಮೋಚನಕಾಂಡ 31:1-11

ದೇವದರ್ಶನದ ಗುಡಾರದ ಕೆಲಸಕ್ಕಾಗಿ ದೇವರು ಬೆಚಲೇಲನನ್ನು ಆರಿಸಿಕೊಂಡು, ಲೋಹದಲ್ಲಿಯೂ ಕಲ್ಲಿನಲ್ಲಿಯೂ ಮರದಲ್ಲಿಯೂ ಕೆಲಸ ನಡಿಸುವ ಜಾಣ್ಮೆಯನ್ನು ಅವನಿಗೆ ಅನುಗ್ರಹಿಸಿದನೆಂದು ಈ ಭಾಗದಿಂದ ತಿಳಿಯುತ್ತೇವೆ. ಕೈಕೆಲಸದ ಜ್ಞಾನವೂ ದೇವರ ವರವೇ. ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ 1841ರಲ್ಲಿ ಅಚ್ಚುಕೂಟವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿ, ಆ ಕಾಲಕ್ಕೆ ಹೊಸದಾಗಿದ್ದ ಕೆಲಸಗಳನ್ನು ನಮ್ಮ ಹಿರಿಯರಿಗೆ ಕಲಿಸಿದರು. ಈ ಕಾಲದ ಹೊಸ ವಿದ್ಯೆ ಗಣಕಯಂತ್ರದ್ದು. ಅದನ್ನು ಚಿಕ್ಕ ಮಕ್ಕಳಿಗೆ ಹೇಗೆ ಕಲಿಸತಕ್ಕದ್ದೆಂದು ವಿಚಾರಿಸೋಣ.

1. ಕಲಿಯತಕ್ಕದ್ದು ಏನು?

ಮಗುವು ಮೊಬೈಲಿನಲ್ಲಿ ಚಿತ್ರಗಳನ್ನು ಸರಿಸುವದನ್ನು ಕಂಡು, ಅದು ವಿದ್ಯೆ ಕಲಿತಿತೆಂದು ಹಿಗ್ಗುವವರು ಉಂಟು. ಆದರೆ ಗಾಡಿಯಲ್ಲಿ ಕೂತವರೆಲ್ಲರೂ ಗಾಡಿ ಹೊಡೆಯಬಲ್ಲವರಲ್ಲ. ಗಣಕಯಂತ್ರವು ಮನುಷ್ಯರು ಬರೆದಿಟ್ಟ ಅಪ್ಪಣೆಗಳ ಮೇರೆಗೆ ನಡೆಯುತ್ತದೆ. ಆದದರಿಂದ ಮಗು ಮೊದಲು ಕಲಿಯತಕ್ಕವು ಮೂರು: ಒಂದು ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಬಿಡಿಸುವದು, ಅವುಗಳನ್ನು ತಕ್ಕ ಕ್ರಮದಲ್ಲಿ ಹೇಳುವದು, ಯಾವ ಹೆಜ್ಜೆಯಲ್ಲಿ ತಪ್ಪಾಯಿತೆಂದು ಹುಡುಕಿ ತಿದ್ದುವದು. ಇಂಗ್ಲೆಂಡಿನಲ್ಲಿ 2014ರ ಸೆಪ್ಟೆಂಬರಿನಿಂದ ಐದು ವರ್ಷದ ಮಕ್ಕಳು ಮೊದಲುಗೊಂಡು ಇದನ್ನು ಕಲಿಯುತ್ತಾರೆ. ನಮ್ಮ ದೇಶದ 2020ರ ಶಿಕ್ಷಣ ನೀತಿಯು ಯಂತ್ರಕ್ಕೆ ಅಪ್ಪಣೆ ಬರೆಯುವ ವಿದ್ಯೆಯನ್ನು ಆರನೆಯ ತರಗತಿಯಿಂದ ಮೊದಲಾಗುವ ಹಂತಕ್ಕೆ ಇಟ್ಟಿದೆ. ಹೀಗಿರಲಾಗಿ ಅದಕ್ಕೆ ಮುಂಚೆ ನೆಲವನ್ನು ಹದಮಾಡುವದು ನಮ್ಮ ಕೆಲಸ.

2. ಯಂತ್ರವಿಲ್ಲದೆ ಕಲಿಸುವ ಬಗೆ

ನಮ್ಮ ಊರಲ್ಲಿ ಯಂತ್ರವಿಲ್ಲವೆಂದು ಸುಮ್ಮನಿರಬೇಡಿರಿ. ನ್ಯೂಜಿಲೆಂಡಿನ ಟಿಮ್ ಬೆಲ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ 1990ರ ದಶಕದಿಂದ ಯಂತ್ರವಿಲ್ಲದೆ, ಆಟಗಳಿಂದಲೇ ಇದನ್ನು ಕಲಿಸುವ ಮಾರ್ಗವನ್ನು ಹರಡಿದ್ದಾರೆ. ಆದಿತ್ಯವಾರ ಶಾಲೆ ಮುಗಿದ ಮೇಲೆ ಅಂಗಳದಲ್ಲಿ ಮಾಡಬಹುದಾದ ಎರಡು ಆಟಗಳನ್ನು ಹೇಳುತ್ತೇವೆ.

ಮೊದಲನೆಯದು: ನೆಲದ ಮೇಲೆ ಚೌಕಮನೆಗಳನ್ನು ಬರೆದು, ಒಂದು ಮನೆಯಲ್ಲಿ ಕಲ್ಲನ್ನಿಡಿರಿ. ಒಬ್ಬ ಹುಡುಗನು ಯಂತ್ರವಾಗಿ ನಿಲ್ಲಲಿ. ಒಬ್ಬ ಹುಡುಗಿಯು, ಎರಡು ಮನೆ ಮುಂದೆ, ಬಲಕ್ಕೆ ತಿರುಗು, ಒಂದು ಮನೆ ಮುಂದೆ ಎಂಬಂತೆ ಸ್ಲೇಟಿನಲ್ಲಿ ಮೊದಲೇ ಬರೆದು ಓದಲಿ. ಅವನು ಬರೆದಷ್ಟೇ ನಡೆಯಲಿ. ಕಲ್ಲಿನ ಬಳಿ ಬಾರದೆ ಹೋದರೆ ಯಾರನ್ನೂ ಗದರಿಸದೆ ಸ್ಲೇಟನ್ನು ತಿದ್ದಿಸಿರಿ.

ಎರಡನೆಯದು: ಐದು ರಟ್ಟುಗಳ ಮೇಲೆ ಕ್ರಮವಾಗಿ 16, 8, 4, 2, 1 ಚುಕ್ಕೆಗಳನ್ನಿಟ್ಟು ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿರಿ. ರಟ್ಟನ್ನು ತೋರಿಸಿದರೆ 1, ಮರೆಮಾಡಿದರೆ 0. ಹತ್ತೊಂಬತ್ತು ಬೇಕಾದರೆ 16, 2, 1 ಇವುಗಳನ್ನು ತೋರಿಸತಕ್ಕದ್ದು. ಅದರ ಬರಹವು 10011. ಹೀಗೆ 0 ಮೊದಲುಗೊಂಡು 31ರ ವರೆಗಿನ ಎಲ್ಲಾ ಅಂಕೆಗಳೂ ಬರುತ್ತವೆ. ಗಣಕಯಂತ್ರವು ಅಕ್ಷರವನ್ನೂ ಚಿತ್ರವನ್ನೂ ಹಾಡನ್ನೂ ಇಂಥ ಎರಡೇ ಗುರುತುಗಳಿಂದ ಇಟ್ಟುಕೊಳ್ಳುತ್ತದೆ. ಇದನ್ನು ತಿಳಿದ ಮಗುವು ಯಂತ್ರವನ್ನು ಮಾಯವೆಂದು ನೆನಸುವದಿಲ್ಲ.

3. ತಂದೆತಾಯಿಗಳಿಗೆ ಎಚ್ಚರಿಕೆ

ಹೆಸರು, ಊರು, ಫೋಟೋ, ಪಾಸ್‌ವರ್ಡ್ ಇವುಗಳನ್ನು ಮೊಬೈಲಿನಲ್ಲಿ ಪರಿಚಯವಿಲ್ಲದವರಿಗೆ ಕೊಡಬಾರದೆಂದು ಮಗುವಿಗೆ ಈಗಲೇ ಹೇಳಿರಿ. ಕೆಟ್ಟದ್ದೇನಾದರೂ ಕಂಡರೆ ಅದು ಓಡಿ ನಿಮ್ಮ ಬಳಿಗೇ ಬರುವಂತಿರಲಿ. ಪೆಟ್ಟಿಗೆ ಹೆದರಿದ ಮಗು ಮುಚ್ಚಿಡುತ್ತದೆ. ಮುಚ್ಚಿಟ್ಟ ಕೇಡು ಬೆಳೆಯುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಒಂದೇ ಮೊಬೈಲ್ ಇದ್ದರೆ ಅದನ್ನು ಮಗನಿಗೆ ಕೊಟ್ಟು ಮಗಳನ್ನು ಒಲೆಯ ಬಳಿಗೆ ಕಳುಹಿಸಬೇಡಿರಿ. ಗುಡಾರಕ್ಕಾಗಿ ನೂಲು ತೆಗೆದ ಜಾಣೆಯರಾದ ಸ್ತ್ರೀಯರನ್ನು ವಿಮೋಚನಕಾಂಡ 35:25-26ರಲ್ಲಿ ನೋಡಿರಿ. ಯಂತ್ರಕ್ಕೆ ಅಪ್ಪಣೆ ಕೊಡಬಲ್ಲವರು ಕೆಲವರು, ಅದು ತೋರಿಸಿದ್ದಕ್ಕೆಲ್ಲಾ ತಲೆದೂಗುವವರು ಹಲವರು ಎಂಬ ಭೇದವು ಲೋಕದಲ್ಲಿ ಬೆಳೆಯುತ್ತಿದೆ. ನಮ್ಮ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಎರಡನೆಯವರಾಗಿ ಉಳಿಯದಂತೆ ಕರ್ತನು ನಮಗೆ ಬುದ್ಧಿಯನ್ನು ದಯಪಾಲಿಸಲಿ.

ಪ್ರಶ್ನೆಗಳು

1. ಬೆಚಲೇಲನ ಜಾಣ್ಮೆ ಯಾರಿಂದ ಬಂತು?
2. ಮಗುವು ಮೊದಲು ಕಲಿಯತಕ್ಕ ಮೂರು ಸಂಗತಿಗಳು ಯಾವವು?
3. ಐದು ರಟ್ಟುಗಳಿಂದ 21ನ್ನು ಹೇಗೆ ತೋರಿಸುವಿರಿ?
4. ನಿಮ್ಮ ಮಗು ಭಯಪಟ್ಟಾಗ ನಿಮ್ಮ ಬಳಿಗೆ ಬರುತ್ತದೋ?